ಹಲ್ಲು ಜೋಡಿಸುವ ಅತ್ತೆಗೆ

ಪ್ರೀತಿಯ ಅತ್ತೆ,

ಮೊದಲು ‘ಪೂಜ್ಯ ಅತ್ತೆಯವರ ಸನ್ನಿಧಿಗೆ’ ಎಂದು ಬರೆದಿದ್ದೆ. ಅದನ್ನು ಓದಿ ನೀವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ‘ಇದು ನನಗೇ ಬಂದಿದ್ದಾ?’ ಎಂದು ಲಕೋಟೆ ತಿರುಗಿಸಿ ನೋಡುವುದು ಕಣ್ಣಿಗೆ ಕಟ್ಟಿತು. ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಹಾಳೆ ಎಂದರೆ ನಮ್ಮ ಬಸ್ ಡಿಪೋದ ಡ್ಯೂಟಿ ಪಟ್ಟಿಯ ಹಿಂಬದಿ. ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಡ್ರೈವರುಗಳು ಬಂದು ‘ಅಕ್ಕಾ, ನಾಳೆ ನಂಗ್ಯಾವ ರೂಟು?’ ಎಂದಾಗಲೆಲ್ಲ ಕಾಗದಕ್ಕೆ ಕೈ ಅಡ್ಡ ಹಿಡಿಯುತ್ತೇನೆ, ಹೈಸ್ಕೂಲಿನ ಹುಡುಗಿ ಪ್ರೇಮಪತ್ರ ಬರೆಯುವ ಹಾಗೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ, ಹೇಳು’ ಅನ್ನುತ್ತೀರಿ, ನಾನು ನಿಮ್ಮ ಮೊಮ್ಮಗಳು ಗುಬ್ಬಿಯ ಕೆಮ್ಮಿನ ವಿಷಯ ಹೇಳಿ ಇಟ್ಟುಬಿಡುತ್ತೇನೆ. ಎರಡು ವರ್ಷದಿಂದ ಹಾಗೇ ಆಗಿದೆ. ಈ ಭಾನುವಾರ ಒಂದು ಸಂಗತಿ ನಡೆಯಲಿದೆ, ಅದನ್ನು ಮೊದಲೇ ತಿಳಿಸಬೇಕು. ಅದಕ್ಕೂ ಮುಂಚೆ ನಾನು ಹೇಳದೆ ಇಟ್ಟುಕೊಂಡಿರುವುದನ್ನೆಲ್ಲ ಹೇಳಿ ಮುಗಿಸಬೇಕು. ಸಂಗತಿ ಕೊನೆಯಲ್ಲಿದೆ ಎಂದು ಹಾಳೆ ಮಗುಚಿ ಕೊನೆಯಿಂದ ಓದಬೇಡಿ. ನಿಮ್ಮ ಅಭ್ಯಾಸ ನನಗೆ ಗೊತ್ತು.

ಹನ್ನೆರಡು ವರ್ಷದ ಹಿಂದೆ ನಿಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ನಿಮ್ಮ ಕೆಲಸದ ಕೋಣೆ ಕಂಡರೆ ಭಯವಿತ್ತು. ಹಜಾರದ ಪಕ್ಕದಲ್ಲಿ ಬಾಗಿಲು ತೆರೆದರೆ ಸಾಕು, ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ಬಾಯಿಗಳು. ಯಾವುದಕ್ಕೂ ಮುಖವಿಲ್ಲ. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚುಗಳಿಗೆ ಮಾವ ಪ್ಲಾಸ್ಟರ್ ಹೊಯ್ಯುತ್ತಿದ್ದರು. ನೀವು ಗುಲಾಬಿ ಮೇಣವನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಿರಿ. ಮೊದಲ ವಾರದಲ್ಲೇ ನನ್ನನ್ನು ಕರೆದು ಒಂದು ಅಚ್ಚು ಕೈಗಿಟ್ಟು, ‘ಈ ಅಜ್ಜಿ ನೋಡು, ಎಡಗಡೆ ಹಲ್ಲೆಲ್ಲ ಯಾವಾಗ್ಲೋ ಹೋಗಿವೆ. ಒಸಡು ಹೇಗೆ ಸವೆದಿದೆ. ಎಷ್ಟೋ ವರ್ಷ ಬರೀ ಬಲಗಡೇಲೇ ಬದುಕಿದಾರೆ ಪಾಪ’ ಎಂದಿರಿ. ಕಾಣದ ಹೆಂಗಸೊಬ್ಬರ ಬಾಳನ್ನು ನೀವು ಅಂಗೈಯಗಲದ ಪ್ಲಾಸ್ಟರಿನಲ್ಲಿ ಓದಿದಿರಿ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನೀವು ನನ್ನ ಬಾಯೊಳಗೂ ಇಣುಕಿ, ‘ಮೇಲ್ಗಡೆ ಎಡಕ್ಕೆ ಒಂದು ಹುಳುಕಿದೆ, ತೋರಿಸ್ಕೋ’ ಎಂದು ಕೆಲಸಕ್ಕೆ ತಿರುಗಿದಿರಿ.

ಅದೇ ಕೋಣೆಯಲ್ಲಿ ಇನ್ನೊಂದನ್ನೂ ನೋಡಿದೆ, ಆದರೆ ನೋಡಿದ್ದು ಏನೆಂದು ತಿಳಿಯಲು ಹತ್ತು ವರ್ಷ ಹಿಡಿಯಿತು. ನೀವು ಹಲ್ಲು ಕೂರಿಸಿದರೆ ಅದರಲ್ಲಿ ಎಲ್ಲೋ ಒಂದು ಸ್ವಲ್ಪ ವಾಲಿರುತ್ತಿತ್ತು, ಒಂದು ಕೂದಲೆಳೆಯಷ್ಟು ಹಿಂದಕ್ಕಿರುತ್ತಿತ್ತು. ಬಾಯಿ ಅಂದರೆ ಹಾಗೇ ಇರುತ್ತದೆ ಎನ್ನುತ್ತಿದ್ದಿರಿ. ನೀವು ಎದ್ದು ಅಡುಗೆಮನೆಗೆ ಹೋದ ಕೂಡಲೇ ಮಾವ ಬಂದು ಕೂತು, ಬಿಸಿ ಮಾಡಿದ ಚಮಚದ ತುದಿಯಿಂದ ಆ ಹಲ್ಲನ್ನು ನೆಟ್ಟಗೆ ಮಾಡುತ್ತಿದ್ದರು. ಕವಾಯತಿಗೆ ನಿಂತ ಪೊಲೀಸರ ಹಾಗೆ ಹದಿನಾಲ್ಕೂ ಒಂದೇ ಸಾಲು. ನೀವು ವಾಪಸ್ಸು ಬಂದು ನೋಡಿ, ಮುಂದಿನ ಅಚ್ಚು ತೆಗೆದುಕೊಳ್ಳುತ್ತಿದ್ದಿರಿ. ಜಗಳವಿಲ್ಲ, ಕೂಗಾಟವಿಲ್ಲ. ಇಷ್ಟು ಹೊಂದಿಕೊಂಡಿರುವ ಗಂಡ ಹೆಂಡತಿಯನ್ನು ನಾನು ನೋಡೇ ಇಲ್ಲ ಎಂದು ನನ್ನ ಅಮ್ಮನಿಗೆ ಹೇಳಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಾವ ಕೆಟ್ಟವರಲ್ಲ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ಎಲ್ಲರಿಗಿಂತ ಹೆಚ್ಚು ಸಲ ಹೇಳಿದವರು ನೀವೇ. ಕುಡಿಯಲಿಲ್ಲ, ಕೈ ಮಾಡಲಿಲ್ಲ, ಇನ್ನೊಂದು ಕಡೆ ಕಣ್ಣೆತ್ತಿ ನೋಡಲಿಲ್ಲ. ಅವರಿಗೆ ಸರಿಯಿಲ್ಲದ್ದು ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ, ಅಷ್ಟೇ. ನೀವು ಮುಚ್ಚಿದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತುತ್ತಿದ್ದರು. ನೀವು ಸರಿಸಿದ ಪರದೆಯನ್ನು ಇನ್ನೂ ಎರಡು ಬೆರಳು ಸರಿಸುತ್ತಿದ್ದರು. ನೀವು ‘ಅವತ್ತು ಸೋಮವಾರ, ನಾವು ಬಸ್ಸಿಗೆ ಕಾಯ್ತಾ ನಿಂತಿದ್ವಿ...’ ಎಂದು ಶುರು ಮಾಡಿದರೆ, ಪತ್ರಿಕೆಯ ಹಿಂದಿನಿಂದ ‘ಸೋಮವಾರ ಅಲ್ಲ, ಮಂಗಳವಾರ’ ಎಂಬ ದನಿ ಬರುತ್ತಿತ್ತು. ‘ಹಾಂ, ಮಂಗಳವಾರ. ಮಳೆ ಬರ್ತಿತ್ತು...’ ‘ಮಳೆ ನಿಂತಿತ್ತು.’ ಅಷ್ಟರಲ್ಲಿ ನಿಮಗೆ ಒಲೆಯ ಮೇಲಿಟ್ಟದ್ದು ನೆನಪಾಗುತ್ತಿತ್ತು. ಬಸ್ಸು ಬಂತೋ ಇಲ್ಲವೋ ನಮಗೆ ತಿಳಿಯುತ್ತಲೇ ಇರಲಿಲ್ಲ. ಅತ್ತೆ, ಹತ್ತು ವರ್ಷದಲ್ಲಿ ನೀವು ಒಂದೇ ಒಂದು ಕತೆಯನ್ನೂ ಕೊನೆಮುಟ್ಟಿಸಿದ್ದನ್ನು ನಾನು ಕೇಳಿರಲಿಲ್ಲ. ನಿಮಗೆ ಕತೆ ಹೇಳಲು ಬರುವುದಿಲ್ಲ ಎಂದೇ ತಿಳಿದಿದ್ದೆ.

ಆಮೇಲೆ ಆ ಮಧ್ಯಾಹ್ನ ಬಂತು. ಮಾವನ ತಂಗಿ, ನಮ್ಮ ಚಿಕ್ಕತ್ತೆ, ತಮ್ಮ ಮೊಮ್ಮಗಳ ಫೋಟೊ ತಂದಿದ್ದರು. ಹುಟ್ಟಿ ಒಂದು ವಾರದ ಮಗು, ತಲೆ ತುಂಬ ಕಪ್ಪು ಕೂದಲು. ಎಲ್ಲರೂ ಊಟಕ್ಕೆ ಕೂತಿದ್ದೆವು. ನೀವು ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ನಮ್ಮ ಮೊದಲ್ನೇದಕ್ಕೂ ಹೀಗೇ ಕೂದಲಿತ್ತು. ಹನ್ನೊಂದು ದಿನ ಇದ್ಲು’ ಎಂದಿರಿ.

ನಿಮ್ಮ ಮಗನ ತುತ್ತು ಎತ್ತಿದ ಕೈ ಅಲ್ಲೇ ನಿಂತಿತು. ಮೂವತ್ತೈದರ ಹತ್ತಿರ ಬಂದ ಮನುಷ್ಯನಿಗೆ ತನಗೊಬ್ಬಳು ಅಕ್ಕ ಇದ್ದಳೆಂದು ತಿಳಿದದ್ದು ಆ ಗಳಿಗೆಯಲ್ಲಿ. ಚಿಕ್ಕತ್ತೆ ತಲೆ ತಗ್ಗಿಸಿದರು. ಮಾವ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: ‘ಹನ್ನೊಂದಲ್ಲ. ಹತ್ತು.’

ನೀವು ಆ ಫೋಟೊವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಿರಿ. ಆಮೇಲೆ ನೀವು ಹೇಳಿದ ಮಾತನ್ನು ನಾನು ಅಕ್ಷರ ಬಿಡದೆ ಹೇಳಬಲ್ಲೆ. ‘ಹನ್ನೊಂದು. ಹತ್ತನೇ ದಿನ ಬೆಳಿಗ್ಗೆ ನೀವು ಸಾಮಾನು ತರೋಕೆ ಅಂತ ಬೇರೆ ಊರಿಗೆ ಹೋದ್ರಿ. ಅವಳು ಮಾರನೇ ದಿನ ಸಂಜೇವರೆಗೂ ಇದ್ಲು. ಆ ದಿನ ನಿಮಗೆ ಗೊತ್ತಿಲ್ಲ. ಅದು ನನ್ನ ಹತ್ರ ಮಾತ್ರ ಇರೋದು. ಅದನ್ನೂ ತಗೋಬೇಡಿ.’

ದನಿ ಏರಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟೇ ಸಮಾಧಾನ. ಮಾವ ಏನೋ ಹೇಳಹೊರಟು ನಿಲ್ಲಿಸಿದರು. ಚಿಕ್ಕತ್ತೆ ಮಗುವಿನ ಹೆಸರಿನ ಮಾತು ತೆಗೆದರು, ನಾನು ನೀರು ತರಲು ಎದ್ದೆ. ನಾವೆಲ್ಲ ಸೇರಿ ಆ ಮಾತಿನ ಮೇಲೆ ಏನೇನೋ ಎಳೆದು ಮುಚ್ಚಿದೆವು. ನೀವು ಮಾತ್ರ ಊಟ ಪೂರ್ತಿ ಮಾಡಿ, ಕೈ ತೊಳೆದು, ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಆ ಬಾಗಿಲು ಹಾಕಿದ್ದನ್ನೂ ನಾನು ಅದೇ ಮೊದಲು ನೋಡಿದ್ದು.

ಮೂರು ವಾರ ಕಳೆಯಿತು. ಎಲ್ಲ ಮೊದಲಿನಂತಾಯಿತು ಎಂದುಕೊಂಡೆವು. ಒಂದು ಸೋಮವಾರ ಬೆಳಿಗ್ಗೆ, ನಾನು ಗುಬ್ಬಿಗೆ ಜಡೆ ಹಾಕುತ್ತಿದ್ದಾಗ ನೀವು ಒಂದು ಚಿಕ್ಕ ಸೂಟ್‌ಕೇಸು ಹಿಡಿದು ಬಂದು, ‘ನಾನು ಇವತ್ತಿಂದ ಬೇರೆ ಕಡೆ ಇರ್ತೀನಿ. ಸ್ಟೇಷನರಿ ಅಂಗಡಿ ಮೇಲ್ಗಡೆ ರೂಮು ಹಿಡಿದಿದೀನಿ. ಯಾರ ಮೇಲೂ ಕೋಪ ಇಲ್ಲ. ಒಪ್ಪಿಕೊಂಡ ಕೆಲಸ ಎಲ್ಲ ಮುಗಿಸಿ ಹಲಗೆ ಮೇಲಿಟ್ಟಿದೀನಿ’ ಎಂದಿರಿ. ನಿಮ್ಮ ಮಗ ತಮಾಷೆ ಎಂದುಕೊಂಡು ನಕ್ಕರು. ಮಾವ, ‘ಇವತ್ತು ನಾಲ್ಕು ಅಚ್ಚು ಬರೋದಿದೆ’ ಎಂದರು. ಮೂವತ್ತೇಳು ವರ್ಷ ಜೊತೆಗಿದ್ದವಳು ಹೊಸ್ತಿಲು ದಾಟುವಾಗ ಅವರಿಗೆ ತೋಚಿದ್ದು ಅಷ್ಟು.

ಆದರೆ ಅವರನ್ನು ಬೈಯಲು ನನಗೆ ಯಾವ ಹಕ್ಕೂ ಇಲ್ಲ. ನನಗೆ ತೋಚಿದ್ದು ಏನು? ಬಾಗಿಲವರೆಗೂ ಓಡಿಬಂದು, ನಿಮ್ಮ ತೋಳು ಹಿಡಿದು, ‘ಅತ್ತೆ, ಗುಬ್ಬೀನ ಸ್ಕೂಲಿಂದ ಯಾರು ಕರ್ಕೊಂಡ್ ಬರ್ತಾರೆ?’ ಎಂದು ಕೇಳಿದೆ. ಈ ಮಾತು ಎರಡು ವರ್ಷದಿಂದ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಎಲ್ಲಿಗೆ ಹೋಗ್ತೀರಿ ಅಂತ ಕೇಳಲಿಲ್ಲ. ಯಾಕೆ ಅಂತ ಕೇಳಲಿಲ್ಲ. ಊಟ ಆಯ್ತಾ ಅಂತಲೂ ಕೇಳಲಿಲ್ಲ. ನೀವು ನನ್ನ ಕೆನ್ನೆ ತಟ್ಟಿ, ‘ಇಡೀ ಡಿಪೋಗೆ ಪಟ್ಟಿ ಬರಿಯೋಳು ನೀನು. ಇದೊಂದು ಬರ್ಕೊಳಕ್ಕಾಗಲ್ವಾ?’ ಎಂದು ನಕ್ಕು ಹೋದಿರಿ. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನೀವು ಹೋದ ಮೇಲೆ ಮನೆ ಬೀಳಲಿಲ್ಲ. ಒಂದು ಕಡೆಗೆ ವಾಲಿತು. ನಿಮ್ಮ ಮಗ ನೆರೆಯವರು ಕೇಳಿದರೆ ‘ಅಮ್ಮ ಊರಿಗೆ ಹೋಗಿದಾರೆ’ ಅನ್ನುತ್ತಿದ್ದರು. ಯಾವ ಊರು ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಎಂಟು ತಿಂಗಳು ನೀವು ಆ ಇಲ್ಲದ ಊರಿನಲ್ಲಿದ್ದಿರಿ. ಎರಡೇ ಬಸ್ ಸ್ಟಾಪಿನಾಚೆ. ತಮ್ಮ ಲಿಫ್ಟ್ ರಿಪೇರಿ ಕೆಲಸಕ್ಕೆ ಆ ರಸ್ತೆಯ ಕಟ್ಟಡಗಳಿಗೆ ಹೋಗಬೇಕಾದರೆ ಇವರು ಜೊತೆಯವರ ಜೊತೆ ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದರಂತೆ. ಚಿಕ್ಕತ್ತೆ ವಾರಕ್ಕೊಮ್ಮೆ ಬಂದು, ‘ಈ ವಯಸ್ಸಲ್ಲಿ ಇದೇನು ಹೊಸ ಆಟ’ ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನಾನೂ ಹೂಂಗುಟ್ಟಿದೆ. ಗುಬ್ಬಿ ಮಾತ್ರ ಅಜ್ಜಿಯ ತಟ್ಟೆ ದಿನಾ ಮೇಜಿನ ಮೇಲೆ ಇಡುತ್ತಿದ್ದಳು, ನಾನು ದಿನಾ ತೆಗೆಯುತ್ತಿದ್ದೆ. ಒಂದು ದಿನ ಅವಳು ಇಡುವುದನ್ನು ನಿಲ್ಲಿಸಿದಳು. ಅದೇ ಭಾನುವಾರ ಅವಳನ್ನು ‘ಸ್ನೇಹಿತೆ ಮನೆಗೆ’ ಎಂದು ಹೇಳಿ ನಿಮ್ಮಲ್ಲಿಗೆ ಕರೆತಂದೆ.

ಆ ಮೊದಲ ಭಾನುವಾರದ ವಿಷಯ ನಿಮಗೆ ಗೊತ್ತಿಲ್ಲದ್ದು ಒಂದಿದೆ. ನಾನು ಬ್ರೆಡ್ಡು ತರುತ್ತೇನೆಂದು ಹೊರಗೆ ಹೋದೆನಲ್ಲ, ವಾಪಸ್ಸು ಬಂದಾಗ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ನೀವು ಗುಬ್ಬಿಗೆ ಕತೆ ಹೇಳುತ್ತಿದ್ದಿರಿ. ನೀವು ಚಿಕ್ಕ ಹುಡುಗಿಯಾಗಿದ್ದಾಗ ಕುರುಡು ಕುದುರೆಯೊಂದು ನಿಮ್ಮನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ ಕತೆ. ಅದರಲ್ಲಿ ವಾರ ತಪ್ಪಿತ್ತು, ಋತು ತಪ್ಪಿತ್ತು. ಮೊದಲು ಬಿಳಿಯಿದ್ದ ಕುದುರೆ ನಡುಹೊಳೆಯಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಗುಬ್ಬಿ ಉಸಿರೆತ್ತದೆ ಕೇಳುತ್ತಿದ್ದಳು. ನಾನು ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಬಾಗಿಲ ಹೊರಗೆ ನಿಂತೆ. ಕುದುರೆ ನೀರಿಗಿಳಿಯಿತು, ಸೆಳವಿಗೆ ಸಿಕ್ಕಿತು, ನಿಮ್ಮ ಕಾಲು ಎಷ್ಟು ತಣ್ಣಗಾಯಿತು ಎಂದು ಹೇಳಿದಿರಿ, ಕುದುರೆಯ ಕಿವಿ ಹೇಗೆ ಅಲ್ಲಾಡಿತು ಎಂದು ಹೇಳಿದಿರಿ, ಕೊನೆಗೆ ಆಚೆ ದಡದ ಕಲ್ಲಿಗೆ ಅದರ ಗೊರಸು ತಾಕಿದ ಸದ್ದನ್ನು ನಾಲಗೆಯಲ್ಲಿ ಮಾಡಿ ತೋರಿಸಿದಿರಿ. ಕತೆ ಮುಗಿಯಿತು. ಅತ್ತೆ, ಮುಗಿಯಿತು! ಅರವತ್ತು ದಾಟಿದ ಹೆಂಗಸೊಬ್ಬರು ತಮ್ಮದೇ ಕೋಣೆಯಲ್ಲಿ ತಮ್ಮ ಕತೆಯನ್ನು ಕೊನೆಯವರೆಗೂ ಹೇಳಿ ನಕ್ಕರು. ಇಂಥ ಕತೆಗಳು ಇನ್ನೆಷ್ಟು ಈ ಹೆಂಗಸಿನ ಹೊಟ್ಟೆಯಲ್ಲಿವೆಯೋ, ನಾನು ಅವರ ಜೊತೆ ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆನಲ್ಲ ಎಂದು ತಲೆ ಸುತ್ತಿ ಬಂತು.

ಅಲ್ಲಿಂದಾಚೆ ಪ್ರತಿ ಭಾನುವಾರ ಬಂದೆವು. ನಿಮ್ಮ ಮಗನಿಗೆ ಎರಡನೇ ವಾರವೇ ತಿಳಿದುಹೋಯಿತು. ಕುದುರೆ ಕತೆಯನ್ನು ಗುಬ್ಬಿ ಹೊಟ್ಟೆಯಲ್ಲಿಟ್ಟುಕೊಳ್ಳುವಳೇ? ಅವರು ನಾವು ಹೊರಡುವ ಹೊತ್ತಿಗೆ ಸರಿಯಾಗಿ ಫ್ಯಾನು ಬಿಚ್ಚಿ ಒರೆಸಲು ಕೂರುತ್ತಿದ್ದರು. ನಮ್ಮ ಮನೆಯ ಫ್ಯಾನುಗಳಷ್ಟು ಚೊಕ್ಕಟದ ಫ್ಯಾನು ಇನ್ನೆಲ್ಲೂ ಇರಲಾರದು.

ಇನ್ನು ನನ್ನ ಸಂಸಾರದ ಒಂದು ವಿಷಯ. ಅತ್ತೆಯ ಮುಂದೆ ಹೇಳುವಂಥದ್ದಲ್ಲ, ಆದರೂ ನಿಮ್ಮ ಮುಂದೆ ಅಲ್ಲದೆ ಯಾರ ಮುಂದೆ ಹೇಳಲಿ? ನೀವು ಮನೆ ಬಿಟ್ಟ ವರ್ಷವೇ ಒಂದು ದಿನ ನಾನು ಡಿಪೋದಲ್ಲಿ ಆದ ಒಂದು ಗಲಾಟೆಯನ್ನು ಹೇಳುತ್ತಿದ್ದೆ. ನಿಮ್ಮ ಮಗ ಶೂ ಲೇಸು ಕಟ್ಟುತ್ತಾ, ‘ಗುರುವಾರ ಅಲ್ಲ, ಬುಧವಾರ’ ಎಂದರು. ಅದೇ ದನಿ, ಅದೇ ತಗ್ಗಿಸಿದ ತಲೆ. ಮೊದಲೂ ಎಷ್ಟೋ ಸಲ ಹೀಗೆ ಅಂದಿದ್ದರಲ್ಲ, ನಾನೂ ‘ಹಾಂ, ಬುಧವಾರ’ ಅಂದಿದ್ದೆನಲ್ಲ! ನನ್ನ ಎಷ್ಟು ಮಾತು ಹಾಗೆ ನಡುದಾರಿಯಲ್ಲೇ ಇಳಿದುಹೋಗಿವೆಯೋ. ಅವತ್ತು ಮಾತ್ರ, ‘ರೀ, ನಾನು ವಾರದ ವಿಷಯ ಹೇಳ್ತಿಲ್ಲ. ನನ್ನ ಕಣ್ಣೆದುರಿಗೆ ಒಬ್ಬ ಮನುಷ್ಯ ಅತ್ತಿದ್ದನ್ನ ಹೇಳ್ತಿದೀನಿ’ ಎಂದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಕೈಯಲ್ಲೇ ಹಿಡಿದುಕೊಂಡು ಕೂತು, ‘ಹೇಳು. ಯಾಕೆ ಅತ್ತ?’ ಎಂದರು. ಕೆಲಸಕ್ಕೆ ಅರ್ಧ ಗಂಟೆ ತಡವಾಯಿತು. ನಮ್ಮಿಬ್ಬರ ಮದುವೆ ಉಳಿದದ್ದು ಆ ಅರ್ಧ ಗಂಟೆಯಲ್ಲಿ ಎಂದರೆ ಹೆಚ್ಚಾಗಲಾರದು. ನೀವು ಮನೆ ಬಿಟ್ಟದ್ದು ಯಾರ ಮನೆ ಉಳಿಸಿತು ನೋಡಿ.

ಮಾವನ ಹಲ್ಲಿನ ವಿಷಯ ನಿಮಗೆ ಗೊತ್ತು, ಆದರೂ ನಾನು ಕಂಡಂತೆ ಬರೆಯುತ್ತೇನೆ. ನೀವಿಲ್ಲದೆ ಅವರೇ ಹಲ್ಲು ಕೂರಿಸುತ್ತಿದ್ದರು. ಒಂದು ಸೆಟ್ಟು ವಾಪಸ್ಸು ಬಂತು. ಹಾಕಿಕೊಂಡ ಮುದುಕರು ‘ಬೇರೆ ಯಾರದೋ ಬಾಯಿ ಎರವಲು ತಂದ ಹಾಗಿದೆ’ ಎಂದಿದ್ದರಂತೆ. ಮಾವನಿಗೆ ಅದು ಬಹಳ ನಾಟಿತು. ಅದರ ಬೆನ್ನಿಗೇ ಅವರ ಒಸಡಿಗೆ ರೋಗ ಬಂದು, ಎರಡು ತಿಂಗಳಲ್ಲಿ ಇದ್ದ ಹಲ್ಲನ್ನೆಲ್ಲ ಕೀಳಿಸಬೇಕಾಯಿತು. ತಮ್ಮ ಸೆಟ್ಟನ್ನು ತಾವೇ ಮಾಡಿಕೊಂಡರು. ನೆಟ್ಟಗೆ, ಸಾಲಾಗಿ, ಒಂದಿಷ್ಟೂ ಊನವಿಲ್ಲದೆ. ಹಾಕಿಕೊಂಡರೆ ಮಾತಿಗೆಲ್ಲ ಸಿಳ್ಳೆ ಸೇರುತ್ತಿತ್ತು, ಅಗಿದರೆ ಕಳಚಿ ಬರುತ್ತಿತ್ತು. ತೆಗೆದಿಟ್ಟರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಸೂಪು, ಮತ್ತೆ ಬ್ರೆಡ್ಡು. ಕೆನ್ನೆ ಒಳಗೆ ಹೋಯಿತು. ಯಾರಾದರೂ ಬಂದರೆ ಕರವಸ್ತ್ರ ಅಡ್ಡ ಹಿಡಿದು ಒಳಗೆ ಹೋಗುತ್ತಿದ್ದರು. ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟವರು ಬೊಚ್ಚುಬಾಯಲ್ಲಿ ಗೋಡೆ ನೋಡುತ್ತಾ ಕೂತರು. ಗುಬ್ಬಿ ನಿಮಗೆ ಹೇಳಿದಳು. ಮಾರನೇ ದಿನ ನಿಮ್ಮ ಫೋನು ಬಂತು: ‘ಡಾಕ್ಟರ ಹತ್ರ ಹೊಸದಾಗಿ ಅಚ್ಚು ತೆಗೆಸಿ ನಂಗೆ ತಂದ್ಕೊಡು. ನಾನು ಮನೆಗೆ ಬರಲ್ಲ. ಹಲ್ಲು ಮಾಡ್ಕೊಡ್ತೀನಿ.’

ಅಚ್ಚನ್ನು ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿ ತಂದೆ. ನೀವು ಕಿಟಕಿಯ ಪಕ್ಕದ ಮೇಜಿನಲ್ಲಿ ಆರು ದಿನ ಕೂತಿರಿ. ನಾನು ಡ್ಯೂಟಿ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಫೋಟೊ ಬೇಕಾ ಎಂದು ಕೇಳಿದ್ದಕ್ಕೆ ಬೇಡವೆಂದಿರಿ. ಮುಂದಿನ ಎಡಹಲ್ಲನ್ನು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿಸಿದಿರಿ. ಬಲಗಡೆ ಕೋರೆಹಲ್ಲಿನ ತುದಿಯನ್ನು ಉಜ್ಜಿ ಸವೆಸಿದಿರಿ, ‘ಪೆನ್ಸಿಲ್ ಕಚ್ಚೋ ಚಾಳಿ ಅವರಿಗೆ’ ಎಂದಿರಿ. ಕೆಳಸಾಲಿನಲ್ಲಿ ಒಂದನ್ನು ಕೂರಿಸಿ, ತೆಗೆದು, ಮತ್ತೆ ಕೂರಿಸಿ, ಕಣ್ಣು ಮುಚ್ಚಿ ಏನೋ ನೋಡಿದಿರಿ. ನಾನು ತಡೆಯಲಾರದೆ, ‘ಇಷ್ಟು ಹೇಗೆ ನೆನಪಿದೆ ಅತ್ತೆ?’ ಎಂದೆ. ‘ಮೂವತ್ತೇಳು ವರ್ಷ ಎದುರಿಗೆ ಕೂತು ನೋಡಿದ ಬಾಯಿ. ಅವರು ನಗ್ತಿದ್ದಿದ್ದು ಕಮ್ಮಿ. ಅದಕ್ಕೇ ನಕ್ಕಾಗ ಚೆನ್ನಾಗಿ ನೋಡಿಟ್ಕೊಂಡಿದ್ದೆ’ ಎಂದಿರಿ, ಮೇಣದಿಂದ ಕಣ್ಣು ತೆಗೆಯದೆ. ನನಗೆ ದೊಡ್ಡ ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿದಾಗ ಆಗುವ ಹಾಗೆ ಆಯಿತು.

ಆಮೇಲೆ ಡಾಕ್ಟರ ಕ್ಲಿನಿಕ್ಕು. ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಿಗಿಟ್ಟು ನೋಡುವ ದಿನ ನೀವೇ ಬಂದಿರಿ. ಮಾವ ಆ ಎತ್ತರದ ಕುರ್ಚಿಯಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸ್ಕೂಲು ಹುಡುಗನ ಹಾಗೆ ಕೂತಿದ್ದರು. ಒಂದೂವರೆ ವರ್ಷದ ಮೇಲೆ ನೀವಿಬ್ಬರೂ ಮುಖ ನೋಡಿದ್ದು. ಡಾಕ್ಟರು ಹಲ್ಲು ಕೂರಿಸಿ ಕನ್ನಡಿ ಕೊಟ್ಟರು. ಮಾವ ತುಟಿ ತೆರೆದು ನೋಡಿದರು. ನಾಲಗೆಯಿಂದ ಆ ಮುಂದಿನ ಹಲ್ಲನ್ನು ತಡವಿದರು. ಅವರ ಕೈ ಚಮಚ ಹುಡುಕುವಂತೆ ತಾನಾಗಿ ಮೇಲಕ್ಕೆ ಬಂತು. ‘ಇದು ಸೊಟ್ಟ ಇದೆ’ ಎಂದರು. ನೀವು, ‘ಅದು ನಿಮ್ಮದೇ’ ಎಂದಿರಿ.

ಮಾವನ ಕೈ ಮಡಿಲಿಗಿಳಿಯಿತು. ಕನ್ನಡಿಯಲ್ಲಿ ಅವರು ಯಾರನ್ನೋ ಗುರುತು ಹಿಡಿಯುತ್ತಿದ್ದ ಹಾಗಿತ್ತು. ಆಮೇಲೆ ‘ಹೌದು’ ಎಂದರು. ಅಷ್ಟೇ. ಆ ಪದವನ್ನು ಅವರು ನಿಮ್ಮ ಮಾತಿಗೆ ಅಂದದ್ದನ್ನು ನಾನು ಅದೇ ಮೊದಲ ಸಲ ಕೇಳಿದೆ.

ಇನ್ನೇನು ಎಲ್ಲ ಸರಿಹೋಯಿತು ಎಂದು ನಾವೆಲ್ಲ ಅಂದುಕೊಂಡೆವು, ಸುಳ್ಳೇಕೆ ಹೇಳಲಿ. ಪೂರ್ತಿ ಸೆಟ್ಟು ಸಿದ್ಧವಾಗಿ ಕೊಟ್ಟ ದಿನ ಚಿಕ್ಕತ್ತೆ ನಿಮ್ಮ ಮಂಚಕ್ಕೆ ಹೊಸ ಹೊದಿಕೆಯನ್ನೇ ಹಾಸಿದ್ದರು. ಕ್ಲಿನಿಕ್ಕಿನ ಬಾಗಿಲಲ್ಲಿ ಮಾವ, ಸಿಳ್ಳೆಯಿಲ್ಲದ ಸ್ಪಷ್ಟ ದನಿಯಲ್ಲಿ, ‘ಮನೆಗೆ ಬರ್ತೀಯಾ?’ ಎಂದು ಕೇಳಿದರು. ಆಜ್ಞೆಯಲ್ಲ, ಕೇಳಿದ್ದು. ನೀವು ಅವರ ಮುಖವನ್ನು ಹಲ್ಲು ಕಟ್ಟುವವರ ಕಣ್ಣಿನಿಂದ ಒಮ್ಮೆ ನೋಡಿ, ತುಟಿ ಹೇಗೆ ಕೂತಿದೆ ಎಂದು ಪರೀಕ್ಷಿಸಿ, ‘ಇಲ್ಲ. ಹದಿನೈದು ದಿನ ಗಟ್ಟಿ ಪದಾರ್ಥ ಬೇಡ. ಎರಡೂ ಕಡೆ ಅಗೀರಿ. ನೋವಾದ್ರೆ ಇವಳ ಹತ್ರ ಹೇಳಿ ಕಳಿಸಿ, ಉಜ್ಜಿ ಕೊಡ್ತೀನಿ’ ಎಂದು ಹೇಳಿ, ಬಂದ ಬಸ್ಸು ಹತ್ತಿದಿರಿ.

ಅವತ್ತು ನನಗೆ ಸಿಟ್ಟು ಬಂದಿತ್ತು ಅತ್ತೆ. ಅಷ್ಟು ಪ್ರೀತಿಯಿಂದ ಮಾಡಿ, ಹೀಗೆ ಹೋಗುವುದು ಹೇಗೆ ಸಾಧ್ಯ ಎಂದು. ಈಗ ಆ ಸಿಟ್ಟು ಕರಗಿ ಬೆರಗು ಉಳಿದಿದೆ. ಒಬ್ಬರ ಬಾಯಿಯ ಒಂದೊಂದು ಸೊಟ್ಟನ್ನೂ ಎದೆಯಲ್ಲಿಟ್ಟುಕೊಂಡು, ಆದರೂ ಅವರ ಜೊತೆ ಬದುಕಲಾರೆ ಎಂದು ತಿಳಿಯುವುದು. ಆ ಎರಡರಲ್ಲಿ ಯಾವುದನ್ನೂ ಸುಳ್ಳು ಮಾಡದಿರುವುದು. ನನಗೆ ಗೊತ್ತಿದ್ದ ಲೆಕ್ಕದಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ. ಇದ್ದರೆ ಇರಬೇಕು, ಬಿಟ್ಟರೆ ಬೈಯಬೇಕು ಎಂದೇ ತಿಳಿದಿದ್ದೆ.

ಮೊನ್ನೆ ಕೋರ್ಟಿನಲ್ಲಿ ಆದದ್ದೂ ಅಷ್ಟೇ. ಇಬ್ಬರೂ ಒಪ್ಪಿ ಮದುವೆಯಿಂದ ಬಿಡುಗಡೆ ಕೇಳಿದ್ದೀರಿ ಎಂದು ಕಾಗದ ಓದಿ, ನನಗಿಂತ ಚಿಕ್ಕವರಂತೆ ಕಂಡ ಆ ನ್ಯಾಯಾಧೀಶೆ, ‘ಮದುವೆಯಾಗಿ ಎಷ್ಟು ವರ್ಷ ಆಯ್ತಮ್ಮ?’ ಎಂದು ನಿಮ್ಮನ್ನು ಕೇಳಿದರು. ನೀವು ‘ಮೂವತ್ತೆಂಟು’ ಎಂದಿರಿ. ಮೂವತ್ತೊಂಬತ್ತು ಎಂದು ನಮಗೆಲ್ಲ ಗೊತ್ತಿತ್ತು. ನಾನು ಮಾವನನ್ನು ನೋಡಿದೆ, ನಿಮ್ಮ ಮಗನೂ ನೋಡಿದರು. ಮಾವನ ತುಟಿ ತೆರೆಯಿತು. ಆ ಸೊಟ್ಟ ಹಲ್ಲು ಕಂಡಿತು. ಆಮೇಲೆ ತುಟಿ ಮುಚ್ಚಿತು. ಫ್ಯಾನು ತಿರುಗುತ್ತಿತ್ತು, ಗುಮಾಸ್ತ ಏನೋ ಬರೆದುಕೊಂಡ, ನ್ಯಾಯಾಧೀಶೆ ಮುಂದಿನ ಪ್ರಶ್ನೆಗೆ ಹೋದರು. ಅಲ್ಲಿ ಕೂತವರ ಮಟ್ಟಿಗೆ ಏನೂ ನಡೆಯಲಿಲ್ಲ. ನನ್ನ ಪಕ್ಕದಲ್ಲಿ ನಿಮ್ಮ ಮಗ ಮಾತ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಗ್ಗಿದರು. ಅವರು ಅತ್ತದ್ದನ್ನು ನಾನು ಗುಬ್ಬಿ ಹುಟ್ಟಿದ ದಿನ ಬಿಟ್ಟರೆ ಅವತ್ತೇ ನೋಡಿದ್ದು. ನೀವು ಬೇಕೆಂದೇ ತಪ್ಪು ಹೇಳಿದಿರೋ, ನಿಜಕ್ಕೂ ಮರೆತಿರೋ? ಹೇಳಬೇಡಿ. ನನಗೆ ಎರಡರಲ್ಲಿ ಯಾವುದಾದರೂ ಸರಿ.

ಆ ಕಾಗದವನ್ನು ನಾನೂ ಓದಿದೆ. ವಕೀಲರು ಕೊಟ್ಟ ಪ್ರತಿಯನ್ನು ಪೂರ್ತಿ, ಎರಡು ಸಲ. ಗಂಡ, ಹೆಂಡತಿ, ಮನೆ, ಕೆಲಸದ ಕೋಣೆಯ ಸಾಮಾನು, ಎಲ್ಲ ಇತ್ತು. ಅತ್ತೆ ಸೊಸೆ ಎಂಬ ಮಾತು ಎಲ್ಲೂ ಇರಲಿಲ್ಲ. ಹಾಗಾಗಿ ನಮ್ಮಿಬ್ಬರದ್ದನ್ನು ಯಾರೂ ಬಿಡಿಸಿಲ್ಲ ಎಂದು ತೀರ್ಮಾನಿಸಿದ್ದೇನೆ. ತಕರಾರಿದ್ದರೆ ನೀವೇ ಕೋರ್ಟಿಗೆ ಹೋಗಬೇಕು.

ಈಗ ಸಂಗತಿಗೆ ಬರುತ್ತೇನೆ. ಕೋರ್ಟಿನಿಂದ ಬರುವಾಗ ನಿಮ್ಮ ಮಗ, ಮನೆ ಹತ್ತಿರ ಬಂದಾಗ, ‘ಅಮ್ಮನ ರೂಮಿಗೆ ಮೆಟ್ಟಿಲು ಎಷ್ಟು?’ ಎಂದು ಕೇಳಿದರು. ಹತ್ತೊಂಬತ್ತು, ಬಲು ಕಡಿದು ಎಂದೆ. ‘ಹಿಡ್ಕೊಳ್ಳೋಕೆ ಕಂಬಿ ಇದ್ಯಾ?’ ಇಲ್ಲ ಎಂದೆ. ‘ಈ ವಯಸ್ಸಲ್ಲಿ ಕಂಬಿ ಇಲ್ದೆ ಹತ್ತಿ ಇಳೀತಿದಾರಾ? ನೀನು ಇಷ್ಟು ದಿನದಿಂದ ಹೋಗ್ತಿದೀಯ, ನಂಗೊಂದು ಮಾತು ಹೇಳಕ್ಕಾಗಲ್ವಾ?’ ಎಂದು ನನ್ನ ಮೇಲೇ ರೇಗಿದರು! ನಾನು ಬೆಪ್ಪಾಗಿ ಕೂತೆ. ನಿನ್ನೆ ಲಿಫ್ಟಿನ ಕೆಲಸಕ್ಕೆ ಬಳಸುವಂಥ ಉಕ್ಕಿನ ಕಂಬಿ ತಂದು, ವರಾಂಡದಲ್ಲಿ ಕೂತು ಉಜ್ಜಿ ಉಜ್ಜಿ ನುಣುಪು ಮಾಡುತ್ತಿದ್ದರು. ತುದಿಯಲ್ಲಿ ಸ್ವಲ್ಪವೂ ಚುಚ್ಚಬಾರದಂತೆ. ಮಾವ ಪಕ್ಕದಲ್ಲಿ ನಿಂತು ನೋಡಿ, ಒಳಗೆ ಹೋಗಿ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುವ ಆ ಬಿಳಿ ಪುಡಿ ತಂದು ಕೊಟ್ಟರು. ಅವರಿಬ್ಬರೂ ಯಾರ ಮನೆಯ ಕಂಬಿ ಎಂದು ಮಾತ್ರ ಮಾತಾಡಿಕೊಳ್ಳಲಿಲ್ಲ.

ಭಾನುವಾರ ಹತ್ತು ಗಂಟೆಗೆ ಇವರು ಬರುತ್ತಾರೆ. ನಾನೂ ಗುಬ್ಬಿಯೂ ಜೊತೆಗಿರುತ್ತೇವೆ. ಬಂದವರು ನಿಮ್ಮ ಮುಖ ನೋಡದೆ ಗೋಡೆ ನೋಡುತ್ತಾರೆ, ‘ಇಟ್ಟಿಗೆ ಗಟ್ಟಿ ಇದ್ಯಾ?’ ಎಂದು ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ ಮೇಲಕ್ಕೆ ಬರುತ್ತಾರಂತೆ, ನಿಮ್ಮ ಬಾಗಿಲು ತಲುಪುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಹತ್ತೊಂಬತ್ತು ಮೆಟ್ಟಿಲು ಅವರಿಗೂ ಬೇಕು. ಡ್ರಿಲ್ಲಿನ ಸದ್ದು ಜೋರಾಗಿರುತ್ತದೆ, ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಮತ್ತೆ ಊಟಕ್ಕೆ ನಾಲ್ಕು ತಟ್ಟೆ ತೆಗೆದಿಡಿ. ಇಲ್ಲದಿದ್ದರೆ ಹೇಳಿ, ನಾನು ತರುತ್ತೇನೆ.

ಚಿಕ್ಕವರು ದೊಡ್ಡವರನ್ನು ಹರಸಬಾರದು ಎನ್ನುತ್ತಾರೆ. ಆದರೂ ಹರಸುತ್ತೇನೆ: ನಿಮ್ಮ ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ.

ಯಾವ ಕಾಗದವೂ ಬಿಡಿಸದ,
ನಿಮ್ಮ ಸೊಸೆ